ಚಿತ್ರಕ್ಕೆ ದನಿ ಬಂದ ಕಥೆ: ಮಿಕ್ಕಿ ಮೌಸ್‌ನಿಂದ ಕನ್ನಡ ಕಾರ್ಟೂನಿನವರೆಗೆ



ಓದುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಮೊಬೈಲಿನಲ್ಲಿ ಟಾಮ್ ಅಂಡ್ ಜೆರ್ರಿ ಹಾಕಿ, ಸೌಂಡ್ ಪೂರ್ತಿ ತೆಗೆದು ಎರಡು ನಿಮಿಷ ನೋಡಿ. ಬೆಕ್ಕು ಓಡುತ್ತದೆ, ಇಲಿ ತಪ್ಪಿಸಿಕೊಳ್ಳುತ್ತದೆ, ಬಾಣಲೆ ತಲೆಯ ಮೇಲೆ ಬೀಳುತ್ತದೆ. ಆದರೆ ನಗು ಅಷ್ಟಾಗಿ ಬರುವುದಿಲ್ಲ. ಈಗ ಸೌಂಡ್ ಇಟ್ಟು ಕಣ್ಣು ಮುಚ್ಚಿ. ಬೆಕ್ಕು ಮೆಲ್ಲಗೆ ಹೆಜ್ಜೆ ಇಟ್ಟದ್ದು, ಜಾರಿದ್ದು, ಗೋಡೆಗೆ ಬಡಿದದ್ದು ಎಲ್ಲವೂ ಕಿವಿಗೇ ಗೊತ್ತಾಗುತ್ತದೆ. ಅಂದರೆ ಕಾರ್ಟೂನಿನ ಅರ್ಧ ಜೀವ ದನಿಯಲ್ಲಿದೆ.

ಆ ದನಿ ಮೊದಲಿನಿಂದಲೂ ಇರಲಿಲ್ಲ. ಅದು ಹೇಗೆ ಬಂತು? ಬಂದ ಮೇಲೆ ಏನೇನು ಬದಲಾಯಿತು? ಕನ್ನಡದ ದನಿ ಕಾರ್ಟೂನಿಗೆ ಸಿಗಲು ಯಾಕೆ ಇಷ್ಟು ತಡವಾಯಿತು? ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುವುದು ಈ ಲೇಖನದ ಉದ್ದೇಶ. ನಾನು ಕಾಮರ್ಸ್ ವಿದ್ಯಾರ್ಥಿ. ಆದ್ದರಿಂದ ನಡುವೆ ಸ್ವಲ್ಪ ಲೆಕ್ಕವೂ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಮೂಕಿ ಚಿತ್ರ ನಿಜವಾಗಿ ಮೂಕವಾಗಿರಲಿಲ್ಲ

ನಮ್ಮ ಟಿ. ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೆ ನೀವು ಹೋಗಿರಬಹುದು. ಹೊಯ್ಸಳರ ಕಾಲದ, 13ನೇ ಶತಮಾನದ ಆ ದೇವಸ್ಥಾನದ ಹೊರಗೋಡೆಯಲ್ಲಿ ಸಾಲುಸಾಲಾಗಿ ಕೆತ್ತನೆಗಳಿವೆ. ಆನೆಗಳ ಸಾಲು, ಕುದುರೆಗಳ ಸಾಲು, ಅದರ ಮೇಲೆ ರಾಮಾಯಣ, ಮಹಾಭಾರತದ ಕಥೆಗಳು. ಒಂದೊಂದು ಕಲ್ಲಿನಲ್ಲಿ ಒಂದೊಂದು ದೃಶ್ಯ. ಕಲ್ಲು ಚಲಿಸುವುದಿಲ್ಲ, ನಾವು ಸುತ್ತು ಹಾಕಬೇಕು. ನಡೆದಂತೆಲ್ಲ ಕಥೆ ಮುಂದೆ ಸಾಗುತ್ತದೆ. ಪಕ್ಕದಲ್ಲಿ ವಿವರಿಸುವವರು ಒಬ್ಬರಿದ್ದರೆ ಕಥೆಗೆ ಮಾತೂ ಬರುತ್ತದೆ.

ನಮ್ಮ ಭಾಗದ ತೊಗಲುಗೊಂಬೆಯಾಟ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಬಿಳಿ ಪರದೆ, ಹಿಂದೆ ದೀಪ, ನಡುವೆ ಬಣ್ಣದ ತೊಗಲಿನ ಗೊಂಬೆ. ಆಡಿಸುವವರೇ ಪರದೆಯ ಹಿಂದೆ ಕುಳಿತು ಹಾಡುತ್ತಾರೆ, ಮಾತಾಡುತ್ತಾರೆ, ತಾಳ ಹಾಕುತ್ತಾರೆ. ರಾಕ್ಷಸನಿಗೆ ಒಂದು ದನಿ, ರಾಣಿಗೆ ಒಂದು ದನಿ. ಗೊಂಬೆ ಹೆಜ್ಜೆ ಇಟ್ಟಾಗಲೇ ತಾಳವೂ ಬೀಳುತ್ತದೆ. ಚಲಿಸುವ ಚಿತ್ರಕ್ಕೆ ದನಿ ಹೊಂದಿಸುವ ಕೆಲಸ ಸಿನಿಮಾ ಹುಟ್ಟುವ ಎಷ್ಟೋ ಮೊದಲೇ ನಮ್ಮವರಿಗೆ ಗೊತ್ತಿತ್ತು ಎಂದು ಇದರಿಂದ ತಿಳಿಯುತ್ತದೆ.

ಸಿನಿಮಾ ಬಂದಾಗ ಚಿತ್ರ ಮಾತ್ರ ಬಂತು, ದನಿ ಬರಲಿಲ್ಲ. ಅದನ್ನು ‘ಮೂಕಿ’ ಎಂದು ಕರೆದರು. ಆದರೆ ಥಿಯೇಟರಿನ ಒಳಗೆ ಮೌನ ಇರುತ್ತಿರಲಿಲ್ಲ. ಪರದೆಯ ಪಕ್ಕದಲ್ಲಿ ಕುಳಿತು ಹಾರ್ಮೋನಿಯಂ, ತಬಲ ನುಡಿಸುವವರು ಇರುತ್ತಿದ್ದರು. ಓದಲು ಬಾರದ ಪ್ರೇಕ್ಷಕರಿಗಾಗಿ ಕಥೆಯನ್ನು ಗಟ್ಟಿಯಾಗಿ ಹೇಳುವವರೂ ಇರುತ್ತಿದ್ದರು. ದನಿ ಥಿಯೇಟರಿನಲ್ಲಿ ಇತ್ತು, ಫಿಲ್ಮಿನಲ್ಲಿ ಇರಲಿಲ್ಲ. ಇದರಲ್ಲಿ ಒಂದು ಅನುಕೂಲವೂ ಇತ್ತು: ಒಂದೇ ಫಿಲ್ಮನ್ನು ಮೈಸೂರಿನಲ್ಲಿ ಕನ್ನಡದಲ್ಲಿ, ಮದರಾಸಿನಲ್ಲಿ ತಮಿಳಿನಲ್ಲಿ ವಿವರಿಸಬಹುದಿತ್ತು. ಮೂಕಿ ಚಿತ್ರಕ್ಕೆ ಭಾಷೆಯ ಗಡಿ ಇರಲಿಲ್ಲ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಫಿಲ್ಮಿನ ಅಂಚಿನಲ್ಲಿ ದನಿ

ಚಿತ್ರಕ್ಕೆ ದನಿ ಸೇರಿಸಲು ಎರಡು ದಾರಿಗಳನ್ನು ಪ್ರಯತ್ನಿಸಿದರು. ಒಂದು, ಗ್ರಾಮಾಫೋನ್ ತಟ್ಟೆ. ಫಿಲ್ಮ್ ಒಂದು ಕಡೆ ಓಡುತ್ತದೆ, ತಟ್ಟೆ ಇನ್ನೊಂದು ಕಡೆ ತಿರುಗುತ್ತದೆ. 1927ರ ಅಕ್ಟೋಬರ್ 6ರಂದು ಅಮೆರಿಕದಲ್ಲಿ ಬಿಡುಗಡೆಯಾದ ‘ದಿ ಜಾಝ್ ಸಿಂಗರ್’ ಈ ವಿಧಾನದ್ದು. ಇದರಲ್ಲಿ ಒಂದು ತೊಂದರೆ. ಸೂಜಿ ಒಂದು ಗೆರೆ ಹಾರಿದರೆ ಅಥವಾ ಫಿಲ್ಮ್ ತುಂಡಾಗಿ ಅಂಟಿಸಿದರೆ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗುತ್ತಿತ್ತು.

ಎರಡನೆಯ ದಾರಿ, ದನಿಯನ್ನು ಫಿಲ್ಮಿನ ಮೇಲೆಯೇ ಅಚ್ಚು ಮಾಡುವುದು. ಮೈಕ್ ದನಿಯನ್ನು ವಿದ್ಯುತ್ತಾಗಿ ಮಾಡುತ್ತದೆ. ಆ ವಿದ್ಯುತ್ ಒಂದು ಬೆಳಕನ್ನು ಹೆಚ್ಚು ಕಡಿಮೆ ಮಾಡುತ್ತದೆ. ಆ ಬೆಳಕು ಫಿಲ್ಮಿನ ಅಂಚಿನಲ್ಲಿ ಒಂದು ತೆಳು ಪಟ್ಟಿಯಾಗಿ ಅಚ್ಚಾಗುತ್ತದೆ. ಥಿಯೇಟರಿನಲ್ಲಿ ಇದೇ ಕೆಲಸ ತಿರುಗುಮುರುಗಾಗಿ ನಡೆಯುತ್ತದೆ: ಪ್ರೊಜೆಕ್ಟರಿನ ಸಣ್ಣ ದೀಪದ ಬೆಳಕು ಆ ಪಟ್ಟಿಯ ಮೂಲಕ ಹಾದು ಮತ್ತೆ ವಿದ್ಯುತ್ತಾಗಿ, ಸ್ಪೀಕರಿನಿಂದ ದನಿಯಾಗಿ ಹೊರಬರುತ್ತದೆ.

ಇದರಲ್ಲಿ ನನಗೆ ಬಹಳ ಹಿಡಿಸಿದ ಒಂದು ಸಂಗತಿ ಇದೆ. ಚಿತ್ರ ತೋರಿಸುವ ಕಿಂಡಿಯ ಎದುರು ಫಿಲ್ಮ್ ನಿಂತು ನಿಂತು ಸಾಗಬೇಕು. ಒಂದು ಫ್ರೇಮ್ ನಿಲ್ಲಬೇಕು, ಬೆಳಕು ಬೀಳಬೇಕು, ಮುಂದಿನದು ಬರಬೇಕು. ಆದರೆ ದನಿ ಓದುವ ಕಡೆ ಫಿಲ್ಮ್ ಒಂದೇ ಸಮನೆ ಹರಿಯಬೇಕು. ಇಲ್ಲದಿದ್ದರೆ ಹಾಡು ಬಿಕ್ಕಳಿಸುತ್ತದೆ. ಎರಡೂ ಒಂದೇ ಜಾಗದಲ್ಲಿ ಆಗದ ಕೆಲಸ. ಅದಕ್ಕೇ ದನಿಯನ್ನು ಅದರ ಚಿತ್ರದಿಂದ ಸುಮಾರು 20 ಫ್ರೇಮ್ ಮುಂದೆ ಅಚ್ಚು ಮಾಡಿದರು. ಫಿಲ್ಮಿನಲ್ಲಿ ಬೇರೆಬೇರೆ ಇರುವ ಚಿತ್ರ ಮತ್ತು ದನಿ ನಮ್ಮ ಕಣ್ಣು ಕಿವಿಗೆ ಮಾತ್ರ ಒಟ್ಟಿಗೆ ಬರುತ್ತವೆ.

ವೇಗವೂ ಸ್ಥಿರವಾಗಬೇಕಾಯಿತು. ಮೂಕಿ ಕಾಲದಲ್ಲಿ ಕೈಯಿಂದ ತಿರುಗಿಸುವ ಕ್ಯಾಮರಾಗಳ ವೇಗ ಸ್ವಲ್ಪ ಹೆಚ್ಚು ಕಡಿಮೆಯಾದರೂ ನಡೆಯುತ್ತಿತ್ತು. ದನಿ ಬಂದ ಮೇಲೆ ಸೆಕೆಂಡಿಗೆ 24 ಫ್ರೇಮ್ ಎಂಬ ಲೆಕ್ಕ ಗಟ್ಟಿಯಾಯಿತು. 35 ಮಿಲಿಮೀಟರ್ ಫಿಲ್ಮಿನಲ್ಲಿ ಒಂದು ಅಡಿಗೆ 16 ಫ್ರೇಮ್. ಹಾಗಾದರೆ ಸೆಕೆಂಡಿಗೆ ಒಂದೂವರೆ ಅಡಿ, ನಿಮಿಷಕ್ಕೆ 90 ಅಡಿ ಫಿಲ್ಮ್ ಓಡುತ್ತದೆ.

ಮಿಕ್ಕಿಯ ಸೀಟಿ

ಈಗ ಕಾರ್ಟೂನಿಗೆ ಬರೋಣ. ಮನುಷ್ಯರು ನಟಿಸುವಾಗ ದನಿ ತಾನಾಗಿ ಹುಟ್ಟುತ್ತದೆ. ಬಾಗಿಲು ಹಾಕಿದರೆ ಸದ್ದು, ನಡೆದರೆ ಸದ್ದು. ಆದರೆ ಕಾಗದದ ಮೇಲೆ ಬರೆದ ಇಲಿ ನಡೆದರೆ ಯಾವ ಸದ್ದೂ ಆಗುವುದಿಲ್ಲ. ಕಾರ್ಟೂನಿನಲ್ಲಿ ಪ್ರತಿಯೊಂದು ದನಿಯನ್ನೂ ಯಾರಾದರೂ ಯೋಚಿಸಿ ತಂದು ಹಾಕಬೇಕು.

ದನಿ ಇರುವ ಮೊದಲ ಕಾರ್ಟೂನ್ ಯಾವುದು ಎಂದು ಕ್ವಿಜ್‌ನಲ್ಲಿ ಕೇಳಿದರೆ ಎಲ್ಲರೂ ‘ಸ್ಟೀಮ್‌ಬೋಟ್ ವಿಲ್ಲಿ’ ಎನ್ನುತ್ತಾರೆ. ಅದು ಪೂರ್ತಿ ಸರಿಯಲ್ಲ. ಅಮೆರಿಕದ ಫ್ಲೈಶರ್ ಸಹೋದರರು 1920ರ ದಶಕದ ನಡುವಿನಲ್ಲೇ ದನಿ ಇರುವ ಹಾಡಿನ ಕಾರ್ಟೂನುಗಳನ್ನು ಮಾಡಿದ್ದರು. ಪರದೆಯ ಮೇಲೆ ಹಾಡಿನ ಸಾಲು, ಅದರ ಮೇಲೆ ಕುಣಿಯುವ ಒಂದು ಚೆಂಡು. ಚೆಂಡು ಯಾವ ಪದದ ಮೇಲೆ ಬಿತ್ತೋ ಆ ಪದವನ್ನು ಪ್ರೇಕ್ಷಕರು ಹಾಡಬೇಕು. ಪಾಲ್ ಟೆರ್ರಿಯವರ ‘ಡಿನ್ನರ್ ಟೈಮ್’ ಕೂಡ 1928ರಲ್ಲಿ, ಸ್ಟೀಮ್‌ಬೋಟ್ ವಿಲ್ಲಿಗಿಂತ ಮೊದಲೇ ಬಂತು.

ಹಾಗಾದರೆ 1928ರ ನವೆಂಬರ್ 18ರಂದು ನ್ಯೂಯಾರ್ಕಿನ ಕಾಲೊನಿ ಥಿಯೇಟರಿನಲ್ಲಿ ತೆರೆಕಂಡ ಸ್ಟೀಮ್‌ಬೋಟ್ ವಿಲ್ಲಿಯೇ ಯಾಕೆ ಹೆಸರಾಯಿತು? ಅದರಲ್ಲಿ ದನಿಯನ್ನು ಮೇಲಿಂದ ಅಂಟಿಸಿರಲಿಲ್ಲ. ಚಿತ್ರ ಮತ್ತು ದನಿಯನ್ನು ಮೊದಲಿನಿಂದಲೇ ಜೊತೆಯಾಗಿ ಯೋಚಿಸಿದ್ದರು. ಮಿಕ್ಕಿ ಸೀಟಿ ಹಾಕುತ್ತಾ ತಾಳಕ್ಕೆ ತಕ್ಕಂತೆ ಕುಣಿಯುತ್ತಾನೆ. ಮೇಕೆ ಸಂಗೀತದ ಕಾಗದವನ್ನು ತಿಂದುಬಿಡುತ್ತದೆ, ಮಿನ್ನಿ ಅದರ ಬಾಲ ತಿರುಗಿಸಿದಾಗ ಬಾಯಿಂದ ಸಂಗೀತ ಬರುತ್ತದೆ. ಹಸುವಿನ ಹಲ್ಲುಗಳೇ ವಾದ್ಯವಾಗುತ್ತವೆ. ಇಲ್ಲಿ ದನಿ ತೆಗೆದರೆ ಹಾಸ್ಯವೇ ಇಲ್ಲ.

ಇದನ್ನು ಸಾಧಿಸಿದ್ದು ಲೆಕ್ಕದಿಂದ. ವಾಲ್ಟ್ ಡಿಸ್ನಿಯವರ ತಂಡದಲ್ಲಿದ್ದ ವಿಲ್ಫ್ರೆಡ್ ಜಾಕ್ಸನ್ ಅವರಿಗೆ ಸಂಗೀತ ಸ್ವಲ್ಪ ಗೊತ್ತಿತ್ತು. ಅವರು ಮೆಟ್ರೊನೋಮ್, ಅಂದರೆ ಟಿಕ್ ಟಿಕ್ ಎಂದು ತಾಳ ತೋರಿಸುವ ಯಂತ್ರ ತಂದರು. ಫಿಲ್ಮಿನ ವೇಗ ಸೆಕೆಂಡಿಗೆ 24 ಫ್ರೇಮ್. ತಾಳ ಸೆಕೆಂಡಿಗೆ ಎರಡು ಪೆಟ್ಟು ಆದರೆ ಒಂದು ಪೆಟ್ಟಿಗೆ 12 ಫ್ರೇಮ್. ಮೂರು ಪೆಟ್ಟಾದರೆ 8 ಫ್ರೇಮ್. ಮಿಕ್ಕಿಯ ಕಾಲು ಪ್ರತಿ 12ನೇ ಫ್ರೇಮಿಗೆ ನೆಲಕ್ಕೆ ತಾಗುವಂತೆ ಬರೆದರೆ ಸಂಗೀತ ಮತ್ತು ಹೆಜ್ಜೆ ಎಂದೂ ತಪ್ಪುವುದಿಲ್ಲ. ಏಳು ನಿಮಿಷದ ಕಾರ್ಟೂನಿಗೆ 10,080 ಫ್ರೇಮ್. ಒಂದೊಂದಕ್ಕೂ ಇಂಥ ಪಟ್ಟಿ ಬರೆದಿಡಬೇಕು. ನಮ್ಮ ಅಕೌಂಟೆನ್ಸಿಯ ಲೆಡ್ಜರ್ ಇದ್ದ ಹಾಗೆ: ಎಡಕ್ಕೆ ಚಿತ್ರ, ಬಲಕ್ಕೆ ದನಿ, ಎರಡೂ ತಾಳೆಯಾಗಬೇಕು.

ಹಣ ಸುರಿಯುವ ಮೊದಲು ಅವರು ಒಂದು ಪ್ರಯೋಗ ಮಾಡಿದರು. ಅರ್ಧ ಮುಗಿದ ಚಿತ್ರವನ್ನು ಪರದೆಯ ಮೇಲೆ ಬಿಟ್ಟು, ತಂಡದವರು ಪರದೆಯ ಹಿಂದೆ ನಿಂತು ಮೌತ್ ಆರ್ಗನ್ ಊದಿದರು, ಪಾತ್ರೆ ಬಡಿದರು, ಸೀಟಿ ಹಾಕಿದರು. ನೋಡುವವರು ಅವರ ಮನೆಯವರೇ. ನಮ್ಮ ತೊಗಲುಗೊಂಬೆಯವರು ಅದನ್ನು ನೋಡಿದ್ದರೆ ‘ಇದು ನಮ್ಮ ಆಟವೇ’ ಎನ್ನುತ್ತಿದ್ದರು!

ಆದರೂ ನ್ಯೂಯಾರ್ಕಿನಲ್ಲಿ ನಡೆದ ಮೊದಲ ರೆಕಾರ್ಡಿಂಗ್ ಕೆಟ್ಟಿತು. ವಾದ್ಯಗೋಷ್ಠಿ ಚಿತ್ರದ ವೇಗಕ್ಕೆ ಹೊಂದಲಿಲ್ಲ. ಕೊಟ್ಟ ಹಣ ಹೋಯಿತು. ಡಿಸ್ನಿ ತಮ್ಮ ಕಾರು ಮಾರಿ ಎರಡನೆಯ ಸಲ ಹಣ ಹೊಂದಿಸಿದರು. ಈ ಬಾರಿ ವಾದ್ಯಗೋಷ್ಠಿಯವರಿಗೆ ತೋರಿಸುವ ಫಿಲ್ಮಿನಲ್ಲಿ ತಾಳಕ್ಕೆ ಸರಿಯಾಗಿ ಕುಣಿಯುವ ಚೆಂಡಿನ ಗುರುತು ಹಾಕಿದ್ದರು. ಅದನ್ನು ನೋಡಿ ನುಡಿಸಿದಾಗ ಎಲ್ಲವೂ ಕೂಡಿತು. ಇಂದಿಗೂ ಚಿತ್ರದ ಪ್ರತಿ ಚಲನೆಯನ್ನು ಸಂಗೀತ ಹಿಂಬಾಲಿಸಿದರೆ ಅದನ್ನು ‘ಮಿಕ್ಕಿ ಮೌಸಿಂಗ್’ ಎಂದೇ ಸಿನಿಮಾದವರು ಕರೆಯುತ್ತಾರೆ.

ನಮ್ಮ ದೇಶದಲ್ಲಿ ಮಾತು ಬಂದಾಗ

ಭಾರತದ ಮೊದಲ ಮಾತಿನ ಚಿತ್ರ ‘ಆಲಂ ಆರಾ’. ಅರ್ದೇಶಿರ್ ಇರಾನಿ ನಿರ್ಮಿಸಿ ನಿರ್ದೇಶಿಸಿದ್ದು. 1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್ ಸಿನಿಮಾದಲ್ಲಿ ಬಿಡುಗಡೆಯಾಯಿತು. ಭಾಷೆ ಹಿಂದೂಸ್ತಾನಿ, ಅಂದರೆ ನಮ್ಮ ಮನೆಯವರಿಗೆ ಅರ್ಥವಾಗುವ ಉರ್ದು. ಸ್ಟುಡಿಯೋ ಪಕ್ಕದಲ್ಲೇ ರೈಲು ಹಳಿ ಇದ್ದುದರಿಂದ ಹಗಲಿನ ಸದ್ದು ತಪ್ಪಿಸಿಕೊಳ್ಳಲು ಹೆಚ್ಚಿನ ಭಾಗವನ್ನು ರಾತ್ರಿ ಚಿತ್ರೀಕರಿಸಿದರು. ಮೈಕ್‌ಗಳನ್ನು ನಟರ ಹತ್ತಿರ ಅಡಗಿಸಿಡಬೇಕಿತ್ತು. ಅದರಲ್ಲಿ ಫಕೀರನ ಪಾತ್ರದ ವಜೀರ್ ಮೊಹಮ್ಮದ್ ಖಾನ್ ಹಾಡಿದ ಹಾಡೇ ಭಾರತೀಯ ಸಿನಿಮಾದ ಮೊದಲ ಹಾಡು ಎಂದು ಹೆಸರಾಗಿದೆ.

ಮೂರು ವರ್ಷದ ಬಳಿಕ ಕನ್ನಡದ ಸರದಿ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ‘ಸತಿ ಸುಲೋಚನಾ’ ತೆರೆಕಂಡಿತು. ಹಣ ಹಾಕಿದವರು ವ್ಯಾಪಾರಿ ಚಮನ್‌ಲಾಲ್ ಡುಂಗಾಜಿ, ನಿರ್ದೇಶಕರು ವೈ.ವಿ. ರಾವ್, ಸಂಭಾಷಣೆ ಮತ್ತು ಹಾಡು ಬೆಳ್ಳಾವೆ ನರಹರಿ ಶಾಸ್ತ್ರಿಗಳದ್ದು. ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ, ರಾವಣನಾಗಿ ಆರ್. ನಾಗೇಂದ್ರರಾವ್ ನಟಿಸಿದರು. ಕನ್ನಡ ನಾಡಿನಲ್ಲಿ ಆಗ ದನಿ ಹಿಡಿಯುವ ಸ್ಟುಡಿಯೋ ಇರಲಿಲ್ಲ, ಹಾಗಾಗಿ ಎಲ್ಲರೂ ಕೊಲ್ಹಾಪುರಕ್ಕೆ ಹೋಗಿ ಚಿತ್ರ ಮಾಡಿ ಬಂದರು. ನಟರು ನಾಟಕ ಕಂಪನಿಯವರು. ಮೈಕ್ ಇಲ್ಲದೆ ಕೊನೆಯ ಸಾಲಿಗೂ ಕೇಳುವಂತೆ ಮಾತಾಡುವುದು, ಹಾಡುವುದು ಅವರಿಗೆ ರೂಢಿ. ಆಗಿನ ಸಿನಿಮಾಕ್ಕೆ ಅದೇ ಬೇಕಿತ್ತು. ದುಃಖದ ಸಂಗತಿ ಎಂದರೆ ಆಲಂ ಆರಾ, ಸತಿ ಸುಲೋಚನಾ ಎರಡರ ಪ್ರತಿಯೂ ಇಂದು ಉಳಿದಿಲ್ಲ. ನಮ್ಮ ಭಾಷೆಯ ಸಿನಿಮಾದ ಮೊದಲ ದನಿಯನ್ನು ನಾವ್ಯಾರೂ ಕೇಳುವಂತಿಲ್ಲ.

ಅದೇ 1934ರಲ್ಲಿ ಕಲ್ಕತ್ತಾದ ನ್ಯೂ ಥಿಯೇಟರ್ಸ್ ಸಂಸ್ಥೆಯಿಂದ ಗುಣಮಯ್ ಬ್ಯಾನರ್ಜಿ ಅವರ ‘ದಿ ಪೀ ಬ್ರದರ್ಸ್’ ಎಂಬ ಪುಟ್ಟ ಕಾರ್ಟೂನ್ ಬಂತು. ಸಂಗೀತಗಾರ ಆರ್.ಸಿ. ಬೊರಾಲ್ ಅವರ ಹೆಸರಿನೊಂದಿಗೆ ಸೇರಿಕೊಂಡಿರುವ ‘ಆನ್ ಎ ಮೂನ್‌ಲಿಟ್ ನೈಟ್’ ಕೂಡ ಅದೇ ವರ್ಷದ್ದು. ಕನ್ನಡ ಸಿನಿಮಾ ಮಾತು ಕಲಿತ ವರ್ಷದಲ್ಲೇ ಭಾರತದ ಕಾರ್ಟೂನೂ ದನಿ ಎತ್ತಿತು. ಆದರೆ ಕಾರ್ಟೂನ್ ಅಲ್ಲಿಂದ ಮುಂದೆ ಬಹುಕಾಲ ಹೆಚ್ಚು ಬೆಳೆಯಲಿಲ್ಲ. ಸಾವಿರಾರು ಚಿತ್ರ ಬರೆಯುವ ಕೂಲಿ ಹೆಚ್ಚು, ಏಳು ನಿಮಿಷಕ್ಕೆ ಟಿಕೆಟ್ ಕೊಟ್ಟು ಬರುವವರು ಕಡಿಮೆ. ನಷ್ಟದ ಬಾಬತ್ತು.

ನಮ್ಮ ಕಡೆ ಹಿರಿಯರು ಇಂದಿಗೂ ಥಿಯೇಟರಿಗೆ ‘ಟಾಕೀಸು’ ಎನ್ನುತ್ತಾರಲ್ಲ, ಆ ಪದ ಈ ಕಾಲದ್ದು. ಮಾತಾಡುವ ಚಿತ್ರ ತೋರಿಸುವ ಜಾಗ ಎಂದು ಅರ್ಥ. ಮಾತು ಬಂದದ್ದರಿಂದ ಜನ ಮುಗಿಬಿದ್ದರು. ಆದರೆ ಪರದೆಯ ಪಕ್ಕದ ಹಾರ್ಮೋನಿಯಂ, ತಬಲದವರ ಕೆಲಸ ಹೋಯಿತು. ಇನ್ನೊಂದೂ ಆಯಿತು. ಮೂಕಿಗೆ ಇಲ್ಲದಿದ್ದ ಭಾಷೆಯ ಗಡಿ ಟಾಕಿಗೆ ಬಂತು. ಆಲಂ ಆರಾದ ಮಾತು ಕನ್ನಡ ಮಾತ್ರ ಬಲ್ಲವರಿಗೆ ಅರ್ಥವಾಗದು. ಆದ್ದರಿಂದಲೇ ಕನ್ನಡಕ್ಕೆ ಅದರದ್ದೇ ಟಾಕಿ ಬೇಕಾಯಿತು.

ಕಾರ್ಟೂನ್ ಈ ಗಡಿಯನ್ನು ಕೆಲಕಾಲ ದಾಟಿತು. ಮೊದಲ ಕಾರ್ಟೂನುಗಳಲ್ಲಿ ದನಿ ಇತ್ತು, ಮಾತು ಬಹಳ ಕಡಿಮೆ. ಸೀಟಿ, ಸಂಗೀತ, ಢಮಾರ್, ಇಷ್ಟೇ. 1940ರಲ್ಲಿ ಶುರುವಾದ ಟಾಮ್ ಅಂಡ್ ಜೆರ್ರಿ ನಂಜನಗೂಡಿನ ಮಗುವಿಗೂ ನ್ಯೂಯಾರ್ಕಿನ ಮಗುವಿಗೂ ಒಂದೇ ರೀತಿ ಅರ್ಥವಾಗುವುದು ಇದಕ್ಕೇ. ಕಾರ್ಟೂನಿನ ಪಾತ್ರಗಳು ಉದ್ದುದ್ದ ಮಾತಾಡಲು ತೊಡಗಿದಾಗ ಮಾತ್ರ ಪ್ರಶ್ನೆ ಎದ್ದಿತು: ಯಾವ ಭಾಷೆಯಲ್ಲಿ?

ಕನ್ನಡದ ಕಾರ್ಟೂನ್ ಯಾಕೆ ತಡವಾಯಿತು?

ಒಂದು ಭಾಷೆಯ ಚಿತ್ರಕ್ಕೆ ಇನ್ನೊಂದು ಭಾಷೆಯ ಮಾತು ಕೂಡಿಸುವುದೇ ಡಬ್ಬಿಂಗ್. ತಮಿಳು, ತೆಲುಗು, ಹಿಂದಿಯಲ್ಲಿ ಇದು ಸಾಮಾನ್ಯ. ಕರ್ನಾಟಕದಲ್ಲಿ ಬಹುಕಾಲ ಹಾಗಿರಲಿಲ್ಲ. 1960ರ ದಶಕದಲ್ಲಿ ಇಲ್ಲಿ ಡಬ್ಬಿಂಗ್ ವಿರುದ್ಧ ದೊಡ್ಡ ಚಳವಳಿ ನಡೆಯಿತು. ಅ.ನ. ಕೃಷ್ಣರಾಯರು, ಮ. ರಾಮಮೂರ್ತಿ ಮೊದಲಾದ ಕನ್ನಡ ಹೋರಾಟಗಾರರು ಅದರ ಮುಂದೆ ಇದ್ದರು. ಅವರ ವಾದದಲ್ಲಿ ಹುರುಳಿತ್ತು. ಕನ್ನಡ ಚಿತ್ರಗಳು ಹೆಚ್ಚಾಗಿ ಮದರಾಸಿನಲ್ಲಿ ತಯಾರಾಗುತ್ತಿದ್ದ ಕಾಲ ಅದು. ನಮ್ಮದೇ ಸ್ಟುಡಿಯೋ, ತಂತ್ರಜ್ಞರು, ನಟರು ಇನ್ನೂ ಬೇರೂರಿರಲಿಲ್ಲ. ಬೇರೆ ಭಾಷೆಯ ದೊಡ್ಡ ಚಿತ್ರಗಳು ಅಗ್ಗದಲ್ಲಿ ಕನ್ನಡ ಮಾತಾಡಿ ಬಂದರೆ ಕನ್ನಡದ ಕಲಾವಿದರು ಎಲ್ಲಿಗೆ ಹೋಗಬೇಕು? ಹಾಗಾಗಿ ಕಾನೂನು ಇಲ್ಲದಿದ್ದರೂ ಡಬ್ಬಿಂಗ್ ನಿಂತಿತು. ಅದರ ನೆರಳಿನಲ್ಲಿ ಕನ್ನಡ ಚಿತ್ರರಂಗ ಬೆಳೆಯಿತು ಎಂಬುದನ್ನೂ ಒಪ್ಪಬೇಕು.

ಆದರೆ ಕಾರ್ಟೂನಿನ ವಿಷಯ ಬೇರೆ. ಮಿಕ್ಕಿ ಮೌಸ್ ಕನ್ನಡ ಮಾತಾಡಿದರೆ ಯಾವ ಕನ್ನಡ ನಟನ ಪಾತ್ರ ಹೋಗುತ್ತದೆ? ಯಾರದ್ದೂ ಇಲ್ಲ. ಬದಲಿಗೆ ದನಿ ಕೊಡುವ ಕೆಲಸ ಕನ್ನಡದವರಿಗೆ ಹೊಸದಾಗಿ ಸಿಗುತ್ತದೆ. ಹೀಗಿದ್ದರೂ ಟಿವಿ ಕಾರ್ಟೂನುಗಳು ಹಿಂದಿ, ಇಂಗ್ಲಿಷ್, ತಮಿಳಿನಲ್ಲಿ ಬಂದು ಎಷ್ಟೋ ವರ್ಷಗಳಾದ ಮೇಲೆ, 2009ರಲ್ಲಿ, ಸನ್ ನೆಟ್‌ವರ್ಕ್‌ನ ಚಿಂಟು ಟಿವಿ ಬಂದಾಗಲೇ ಕನ್ನಡ ಮಕ್ಕಳಿಗೆ ಅವರದ್ದೇ ಭಾಷೆಯ ಕಾರ್ಟೂನ್ ಚಾನೆಲ್ ಸಿಕ್ಕಿದ್ದು. ಸತಿ ಸುಲೋಚನಾ ಬಂದು 75 ವರ್ಷ ಆದ ಮೇಲೆ!

ಮುಂದೆ ಈ ವಿಷಯ ಭಾರತೀಯ ಸ್ಪರ್ಧಾ ಆಯೋಗದ ಮುಂದೆಯೂ ಹೋಯಿತು. ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟಿತು: ಯಾವ ಭಾಷೆಯಲ್ಲಿ ನೋಡಬೇಕು ಎಂದು ಆರಿಸುವ ಹಕ್ಕು ಗ್ರಾಹಕನದ್ದು ಎಂಬುದು ಅದರ ವಾದ. 2015ರಲ್ಲಿ ಆಯೋಗ ಡಬ್ಬಿಂಗ್ ತಡೆಯುವುದು 2002ರ ಸ್ಪರ್ಧಾ ಕಾಯ್ದೆಗೆ ವಿರುದ್ಧ ಎಂದು ಹೇಳಿ ಚಲನಚಿತ್ರ ಸಂಘಟನೆಗಳಿಗೆ ದಂಡ ವಿಧಿಸಿತು. ನಾವು ಪಠ್ಯದಲ್ಲಿ ‘ಗ್ರಾಹಕ’, ‘ಸ್ಪರ್ಧೆ’ ಎಂದು ಓದುತ್ತೇವೆ. ಆ ಪದಗಳು ಕಾರ್ಟೂನಿನವರೆಗೂ ಬರುತ್ತವೆ ಎಂದು ಈ ವಿಷಯ ಓದಿದಾಗಲೇ ನನಗೆ ಹೊಳೆದದ್ದು.

ಸ್ಥಿರ ವೆಚ್ಚ, ಬದಲಾಗುವ ವೆಚ್ಚ

ಅರ್ಥಶಾಸ್ತ್ರದ ಒಂದು ಪಾಠವನ್ನು ಇಲ್ಲಿ ಬಳಸಿ ನೋಡೋಣ. ಇದು ಬರೀ ಊಹೆಯ ಲೆಕ್ಕ, ನಿಜವಾದ ಅಂಕಿ ಅಲ್ಲ. ಒಂದು ಕಾರ್ಟೂನ್ ಕಂತಿನ ಚಿತ್ರ ಬರೆಯಲು 10 ಲಕ್ಷ ರೂಪಾಯಿ ಎಂದುಕೊಳ್ಳಿ. ಒಂದು ಭಾಷೆಯ ದನಿ ಸೇರಿಸಲು 50 ಸಾವಿರ. ಚಿತ್ರದ ಖರ್ಚು ಒಂದೇ ಸಲ, ಎಷ್ಟು ಭಾಷೆಯಾದರೂ ಅದು ಸ್ಥಿರ. ದನಿಯ ಖರ್ಚು ಭಾಷೆ ಹೆಚ್ಚಿದಂತೆ ಹೆಚ್ಚುತ್ತದೆ. ಒಂದೇ ಭಾಷೆಯಲ್ಲಿ ಮಾಡಿದರೆ ಒಂದು ಭಾಷೆಗೆ ಬೀಳುವ ಖರ್ಚು 10 ಲಕ್ಷ 50 ಸಾವಿರ. ಐದು ಭಾಷೆಯಲ್ಲಿ ಮಾಡಿದರೆ ಒಟ್ಟು 12 ಲಕ್ಷ 50 ಸಾವಿರ, ಭಾಷೆಗೆ ಎರಡೂವರೆ ಲಕ್ಷ ಮಾತ್ರ. ಚಿತ್ರ ಸಿದ್ಧವಿದ್ದಾಗ ಇನ್ನೊಂದು ಭಾಷೆ ಸೇರಿಸಲು ಬೇಕಾಗುವುದು ಆ 50 ಸಾವಿರ.

ಇದರಿಂದ ಎರಡು ವಿಷಯ ಸ್ಪಷ್ಟ. ಕನ್ನಡದಲ್ಲಿ ಮಾತ್ರ ಹೊಸ ಕಾರ್ಟೂನ್ ಮಾಡುವುದು ದುಬಾರಿ, ಆದ್ದರಿಂದ ಅಂಥವು ಕಡಿಮೆ. ಸಿದ್ಧವಾಗಿರುವ ಕಾರ್ಟೂನಿಗೆ ಕನ್ನಡದ ದನಿ ಸೇರಿಸುವುದು ಅಗ್ಗ. ಆ 50 ಸಾವಿರ ವಾಪಸ್ ಬರುವಷ್ಟು ಜನ ಕನ್ನಡದಲ್ಲಿ ನೋಡುತ್ತಾರೆ ಎಂದು ಚಾನೆಲ್ಲಿನವರಿಗೆ ಅನ್ನಿಸಬೇಕು, ಅಷ್ಟೇ. ಅದು ಅನ್ನಿಸುವುದು ನಾವು ಕನ್ನಡದಲ್ಲಿ ನೋಡಿದಾಗ, ಕನ್ನಡದಲ್ಲಿ ಬೇಕು ಎಂದು ಕೇಳಿದಾಗ.

ಮನೆಮಾತು ಉರ್ದು ಆದವನಿಗೆ ಇದು ಯಾಕೆ ಬೇಕು?

ನಮ್ಮ ಮನೆಯಲ್ಲಿ ಆಡುವುದು ದಖನಿ ಉರ್ದು. ನಮ್ಮ ಕಾಲೇಜಿನ ಎಷ್ಟೋ ಮನೆಗಳಲ್ಲಿ ಹಾಗೆಯೇ. ನನ್ನ ಚಿಕ್ಕ ತಮ್ಮ ನಂಜನಗೂಡಿನಲ್ಲಿ ಉರ್ದು ಶಾಲೆಗೆ ಹೋಗುತ್ತಾನೆ. ಸಂಜೆ ಮನೆಗೆ ಬಂದರೆ ಹಿಂದಿ ಕಾರ್ಟೂನ್. ಈಚೆಗೆ ಅವನ ಮಾತೇ ಬದಲಾಗಿದೆ. ನಮ್ಮ ‘ಕಾಯ್ಕು’ ಹೋಗಿ ‘ಕ್ಯೋಂ’ ಬಂದಿದೆ, ‘ನಕ್ಕೋ’ ಹೋಗಿ ‘ನಹೀಂ ಚಾಹಿಯೆ’ ಬಂದಿದೆ. ದಾದಿ ನಗುತ್ತಾರೆ, ‘ಇವನು ಯಾವ ಊರಿನವನು?’ ಎಂದು. ಇದನ್ನು ಯಾರೂ ಅವನಿಗೆ ಕಲಿಸಲಿಲ್ಲ, ಹೊಡೆದು ಬಾಯಿಪಾಠ ಮಾಡಿಸಲಿಲ್ಲ. ದಿನಕ್ಕೆ ಒಂದು ಗಂಟೆ ಕೇಳಿದ, ಬಂತು.

ಅದೇ ತಮ್ಮನಿಗೆ ಕನ್ನಡ ಎಂದರೆ ಶಾಲೆಯ ಒಂದು ಪುಸ್ತಕ, ಒಂದು ಪರೀಕ್ಷೆ. ‘ಳ’ ಮತ್ತು ‘ಣ’ ಬಾಯಿಗೆ ಬರುವುದಿಲ್ಲ ಎಂದು ಬೈಸಿಕೊಳ್ಳುವ ವಿಷಯ. ನಮ್ಮಲ್ಲಿ ಎಷ್ಟೋ ಮಕ್ಕಳು ಹತ್ತನೇ ತರಗತಿಯಲ್ಲಿ ಗಣಿತಕ್ಕಿಂತ ಹೆಚ್ಚು ಕನ್ನಡ ಪೇಪರಿಗೆ ಹೆದರುತ್ತಾರೆ. ಟಿ. ನರಸೀಪುರದಲ್ಲಿರುವ ನನ್ನ ಖಾಲಾ ಮಗಳು, ನಮ್ಮ ಆಪಾ, ಚಿಕ್ಕಂದಿನಲ್ಲಿ ಚಿಂಟು ಟಿವಿ ನೋಡಿ ಬೆಳೆದವರು. ಅವರು ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ ಹೆದರದೆ ಕನ್ನಡ ಮಾತಾಡುತ್ತಾರೆ. ಮನೆಯ ಹೆಂಗಸರಿಗೆ ಅರ್ಜಿ ಬರೆದುಕೊಡುತ್ತಾರೆ. ಕಾರ್ಟೂನ್ ಒಂದೇ ಇದಕ್ಕೆ ಕಾರಣ ಎಂದು ನಾನು ಹೇಳುವುದಿಲ್ಲ, ಅಕ್ಕಪಕ್ಕದ ಮನೆಯವರ ಜೊತೆ ಬೆಳೆದದ್ದೂ ಇದೆ. ಆದರೆ ‘ಕನ್ನಡ ಮೊದಲು ನನಗೆ ನಗುವಾಗಿ ಬಂತು, ಆಮೇಲೆ ಪಾಠವಾಗಿ ಬಂತು’ ಎಂದು ಅವರೇ ಹೇಳುತ್ತಾರೆ. ಆ ಕ್ರಮ ನನಗೆ ಮುಖ್ಯ ಎನಿಸುತ್ತದೆ.

ಉರ್ದು ಬಿಡಬೇಕು ಎಂದು ಇದರ ಅರ್ಥವಲ್ಲ. ಉರ್ದು ನಮ್ಮ ಮನೆಯ ಭಾಷೆ, ಉಳಿಯಬೇಕು. ಆದರೆ ಹಿಂದಿ ಕಾರ್ಟೂನಿನಿಂದ ನಮ್ಮ ದಖನಿಯೂ ಉಳಿಯುತ್ತಿಲ್ಲ, ಕನ್ನಡವೂ ಬರುತ್ತಿಲ್ಲ. ಮನೆಯಲ್ಲಿ ದಖನಿ, ಟಿವಿಯಲ್ಲಿ ಕನ್ನಡ ಎಂದಾದರೆ ಮಗುವಿಗೆ ಎರಡೂ ಸಿಗುತ್ತವೆ. ಬೀದಿಯಲ್ಲಿ, ಕಚೇರಿಯಲ್ಲಿ, ನಾಳೆ ಕೆಲಸದಲ್ಲಿ ಬೇಕಾಗುವ ಭಾಷೆ ಕಿವಿಗೆ ಮೊದಲೇ ಬಿದ್ದಿರುತ್ತದೆ.

ನಾವೇ ಮಾಡಬಹುದಾದ ಒಂದು ಕೆಲಸ

ಸ್ಟೀಮ್‌ಬೋಟ್ ವಿಲ್ಲಿಯ ಹಕ್ಕುಸ್ವಾಮ್ಯ ಅಮೆರಿಕದಲ್ಲಿ 2024ರ ಜನವರಿ 1ಕ್ಕೆ ಮುಗಿದಿದೆ. ನಮ್ಮ ದೇಶದ ಕಾಯ್ದೆಯಲ್ಲಿ ಸಿನಿಮಾದ ಹಕ್ಕು ಬಿಡುಗಡೆಯ ನಂತರ 60 ವರ್ಷ. ಅಂದರೆ 1928ರ ಆ ಹಳೆಯ ಕಪ್ಪುಬಿಳುಪು ಚಿತ್ರಕ್ಕೆ ನಾವು ನಮ್ಮ ದನಿ ಸೇರಿಸಬಹುದು. ಮಿಕ್ಕಿಯ ಈಚಿನ ಚಿತ್ರಗಳಿಗೆ ಮಾತ್ರ ಕೈ ಹಾಕುವಂತಿಲ್ಲ, ಅವುಗಳ ಹಕ್ಕು ಇನ್ನೂ ಇದೆ.

ನನ್ನ ಸಲಹೆ ಇಷ್ಟು. ಬರುವ ನವೆಂಬರಿನ ರಾಜ್ಯೋತ್ಸವಕ್ಕೆ ನಮ್ಮ ಕಾಲೇಜಿನಿಂದ ಅದರ ಎರಡು ನಿಮಿಷದ ಭಾಗಕ್ಕೆ ಕನ್ನಡ ದನಿ ಕೊಡೋಣ. ಕೆಲಸವನ್ನು ಹೀಗೆ ಹಂಚಿಕೊಳ್ಳಬಹುದು:

1. ಮೊದಲು ಸೌಂಡ್ ಇಲ್ಲದೆ ಹತ್ತು ಸಲ ನೋಡಿ, ಯಾವ ಸೆಕೆಂಡಿನಲ್ಲಿ ಏನಾಗುತ್ತದೆ ಎಂದು ಎರಡು ಕಾಲಂ ಪಟ್ಟಿ ಮಾಡುವುದು. ಇದು ಕಾಮರ್ಸ್‌ನವರ ಪಾಲು.

2. ಮೊಬೈಲಿನ ಮೆಟ್ರೊನೋಮ್ ಆ್ಯಪ್ ಹಾಕಿ ತಾಳ ಗುರುತಿಸುವುದು, ಮೈಕ್ ಮತ್ತು ಎಡಿಟಿಂಗ್ ನೋಡಿಕೊಳ್ಳುವುದು. ಇದು ಸೈನ್ಸ್‌ನವರಿಗೆ.

3. ಗಿಳಿಗೆ, ದಪ್ಪ ಕ್ಯಾಪ್ಟನ್‌ಗೆ, ಮಿಕ್ಕಿಗೆ ಮಾತು ಬರೆಯುವುದು. ಪುಸ್ತಕದ ಕನ್ನಡ ಬೇಡ, ನಂಜನಗೂಡು ಬಸ್ ಸ್ಟ್ಯಾಂಡಿನ ಕನ್ನಡ ಇರಲಿ. ಇದು ಆರ್ಟ್ಸ್‌ನವರಿಗೆ, ಕನ್ನಡ ಉಪನ್ಯಾಸಕರ ಸಹಾಯದೊಂದಿಗೆ.

4. ಸದ್ದುಗಳು. ಸ್ಟೀಲ್ ತಟ್ಟೆ, ನೀರಿನ ಬಕೆಟ್, ಕಂಡಕ್ಟರ್ ಸೀಟಿ, ತೆಂಗಿನ ಚಿಪ್ಪು ಸಾಕು. ಎರಡು ಚಿಪ್ಪು ಬಡಿದರೆ ಕುದುರೆ ಓಡುತ್ತದೆ.

5. ದನಿ ಕೊಡಲು ಉರ್ದು ಮನೆಮಾತಿನವರಿಗೆ ಮೊದಲ ಅವಕಾಶ ಇರಲಿ. ‘ಳ’, ‘ಣ’ ಸರಿಯಾಗುವವರೆಗೆ ಇಪ್ಪತ್ತು ಸಲ ಹೇಳಿಸಿ. ಪರೀಕ್ಷೆಗಾಗಿ ಹೇಳಿದ್ದಕ್ಕಿಂತ ಇಲಿಗಾಗಿ ಹೇಳಿದ್ದು ಬೇಗ ನಾಲಿಗೆಗೆ ಬರುತ್ತದೆ.

ಮುಗಿದ ಮೇಲೆ ಅದನ್ನು ಹತ್ತಿರದ ಉರ್ದು ಪ್ರಾಥಮಿಕ ಶಾಲೆಯ ಮಕ್ಕಳಿಗೆ ತೋರಿಸೋಣ. ಆಸಕ್ತಿ ಇರುವವರು ಈ ತಿಂಗಳೊಳಗೆ ಕನ್ನಡ ವಿಭಾಗದಲ್ಲಿ ಹೆಸರು ಕೊಡಿ. ಪಟ್ಟಿ ಬರೆಯುವ ಕೆಲಸಕ್ಕೆ ನನ್ನ ಹೆಸರನ್ನು ಈಗಲೇ ಹಾಕಿಕೊಳ್ಳಿ.